ಆ ಹಿಮದ ಕೆಳಗೆ ಊರುಗಳೂ ಇವೆ, ಅವುಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ವಿಟ್ಜರ್ಲೆಂಡ್ ಪ್ರವಾಸದ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು, ಫೋಟೋಗಳು ಇನ್ನೂ ಚೆನ್ನಾಗಿದ್ದವು. ಆದರೆ ಅಲ್ಲಿಯ ಬೆಟ್ಟಗಳು ಮನುಷ್ಯ ಕೈ ಹಾಕದೆ ಹಾಗೇ ಬಿಟ್ಟ ಪ್ರಕೃತಿ ಅನ್ನುವ ಅರ್ಥದ ಮಾತು ಅದರಲ್ಲಿತ್ತಲ್ಲ, ಅದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ನೀರಿನ ವಿಷಯ ಮತ್ತು ಹುಲ್ಲಿನ ವಿಷಯವನ್ನಾದರೂ ಉಳಿಸಿಕೊಳ್ಳಿ.

ನಾನು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಮಗಳು ಕೆಲಸದ ಮೇಲೆ ಸ್ವಿಟ್ಜರ್ಲೆಂಡಿನ ಫಿಸ್ಪ್ ಅನ್ನುವ ಪೇಟೆಯಲ್ಲಿದ್ದಾಳೆ. 2024ರ ಬೇಸಿಗೆಯಲ್ಲಿ ನಾನು, ನನ್ನ ಹೆಂಡತಿ ಮೂರು ತಿಂಗಳು ಅವಳ ಜೊತೆಗಿದ್ದೆವು. ಅವಳು ಕೆಲಸಕ್ಕೆ ಹೋದ ಮೇಲೆ ನಮಗೇನು ಕೆಲಸ? ಹಳದಿ ಬಣ್ಣದ ಅಂಚೆ ಬಸ್ ಹತ್ತಿ ಒಂದೊಂದೇ ಊರು ನೋಡುತ್ತಾ ಹೋದೆವು. ರಜೆ ದಿನ ಮಗಳೂ ಬರುತ್ತಿದ್ದಳು, ಊರವರು ಹೇಳಿದ್ದನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ನಿಮ್ಮ ಬರಹದಲ್ಲಿ ಯುಂಗ್‌ಫ್ರಾವ್‌ಯೋಕ್ ಬಗ್ಗೆ ಇತ್ತು. 1912ರಿಂದ ಅಲ್ಲಿಗೆ ರೈಲು ಹೋಗುತ್ತದೆ, 3,454 ಮೀಟರ್ ಎತ್ತರ, ನಮ್ಮವರು ತಪ್ಪದೆ ಹೋಗುವ ಜಾಗ. ಅಲ್ಲಿ ನಿಂತರೆ ದಕ್ಷಿಣಕ್ಕೆ ಬಿಳಿ ಹೆದ್ದಾರಿಯಂತೆ ಇಳಿದು ಹೋಗುವ ಹಿಮನದಿ ಕಾಣುತ್ತದೆ. ಅದು ಆಲೆಚ್, ಇಡೀ ಆಲ್ಪ್ಸ್‌ನಲ್ಲೇ ದೊಡ್ಡದು, ಸುಮಾರು 20 ಕಿಲೋಮೀಟರ್ ಉದ್ದ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆದುಕೊಂಡು ಬಂದ ದಾರಿಯಲ್ಲೇ ವಾಪಸ್ ಇಳಿಯುತ್ತಾರೆ. ಆ ಹಿಮ ಕರಗಿ ಎಲ್ಲಿಗೆ ಹೋಗುತ್ತದೆ, ಅದರ ಬುಡದಲ್ಲಿ ಯಾರಿದ್ದಾರೆ ಎಂದು ಕೇಳುವವರು ಕಡಿಮೆ. ಅದು ಹೋಗುವುದು ವಾಲಿಸ್ ಎಂಬ ಪ್ರಾಂತ್ಯಕ್ಕೆ. ಮಗಳಿರುವ ಫಿಸ್ಪ್ ಇರುವುದೂ ಅಲ್ಲೇ. ಫ್ರೆಂಚ್ ಆಡುವವರು ಅದನ್ನೇ ವಾಲೆ ಅನ್ನುತ್ತಾರೆ. ರೋನ್ ನದಿಯ ಉದ್ದಕ್ಕೂ ಚಾಚಿದ ಒಂದು ದೊಡ್ಡ ಕಣಿವೆ, ಅದಕ್ಕೆ ಎರಡೂ ಕಡೆಯಿಂದ ಬಂದು ಸೇರುವ ಕಿರುಕಣಿವೆಗಳು. ಮೇಲ್ಭಾಗದಲ್ಲಿ ಜರ್ಮನ್, ಕೆಳಭಾಗದಲ್ಲಿ ಫ್ರೆಂಚ್. ಆ ಜರ್ಮನ್ ಕೂಡ ಎಷ್ಟು ಹಳೆಯದು ಅಂದರೆ ಜ್ಯೂರಿಕ್‌ನಿಂದ ಬಂದವರಿಗೇ ಸರಿಯಾಗಿ ಅರ್ಥವಾಗುವುದಿಲ್ಲವಂತೆ.

ಮೊದಲು ನೀರಿನ ವಿಷಯ. ಹಿಮದ ನಾಡು ಅಂದರೆ ನೀರಿಗೇನು ಕಡಿಮೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ಎರಡೂ ಬದಿಯಲ್ಲಿ ನಾಲ್ಕು ಸಾವಿರ ಮೀಟರ್ ಎತ್ತರದ ಶಿಖರಗಳು ಮಳೆಮೋಡವನ್ನು ತಡೆಯುತ್ತವೆ, ಕಣಿವೆ ಒಳಗೆ ಒಣ. ವಾಲಿಸ್‌ನ ರಾಜಧಾನಿ ಸಿಯೋನ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅಂದರೆ ನಮ್ಮ ಚಿತ್ರದುರ್ಗದ ಕಡೆಯ ಲೆಕ್ಕ! ಕಣ್ಣೆದುರೇ ಹಿಮ, ಕಾಲಡಿಯ ಹುಲ್ಲು ಮಾತ್ರ ಬಿಸಿಲಿಗೆ ಸುಟ್ಟು ಕಂದು. ಅದಕ್ಕೆ ಅವರು ಏನು ಮಾಡಿದರು ಗೊತ್ತೇ? ಹಿಮನದಿಯ ಬುಡದಿಂದ ಕಾಲುವೆ ತೆಗೆದು, ಬೆಟ್ಟದ ಸೊಂಟ ಸುತ್ತಿಸಿ, ಹಲವು ಕಿಲೋಮೀಟರ್ ದೂರದ ಹುಲ್ಲುಗಾವಲಿಗೆ ನೀರು ತಂದರು. ಜರ್ಮನ್ ಮಾತಾಡುವವರು ಇದಕ್ಕೆ ಸುವೋನೆ ಅನ್ನುತ್ತಾರೆ, ಫ್ರೆಂಚರು ಬಿಸ್ ಅನ್ನುತ್ತಾರೆ. ಮಧ್ಯೆ ನೆಟ್ಟಗಿನ ಬಂಡೆ ಬಂದರೆ ಹಗ್ಗ ಕಟ್ಟಿಕೊಂಡು ಇಳಿದು, ಬಂಡೆಗೆ ತೊಲೆ ಹೊಡೆದು, ಅದರ ಮೇಲೆ ಮರದ ದೋಣಿ, ಅಂದರೆ ನೀರು ಹರಿಯುವ ತೆರೆದ ಕೊಳವೆ, ಕೂರಿಸಿದರು. ನಮ್ಮ ಕಡೆ ಅಡಿಕೆ ಮರ ಸೀಳಿದ ದೋಣಿಯಲ್ಲಿ ಅಬ್ಬಿ ನೀರು, ಅಂದರೆ ಬೆಟ್ಟದ ಝರಿಯ ನೀರು, ತರುತ್ತಿದ್ದೆವಲ್ಲ, ಅದೇ ಉಪಾಯ. ಆದರೆ ಇಲ್ಲಿ ಕೆಳಗೆ ಪ್ರಪಾತ. ಈ ಕೆಲಸದಲ್ಲಿ ಬಿದ್ದು ಸತ್ತವರೂ ಇದ್ದಾರೆ. ಆಯೆಂಟ್ ಎಂಬ ಊರಿನ ಕಾಲುವೆ 1442ರದ್ದು. ಈಗಿನ ಸ್ವಿಸ್ 100 ಫ್ರಾಂಕ್ ನೋಟಿನ ಮೇಲೆ ಇರುವುದು ಅದೇ ಕಾಲುವೆಯ ಚಿತ್ರ. ಒಂದು ದೇಶ ತನ್ನ ನೋಟಿನ ಮೇಲೆ ರೈತರ ನೀರಿನ ದೋಣಿ ಹಾಕಿಕೊಂಡಿದೆ ಅಂದರೆ ನನಗೆ ತುಂಬಾ ದೊಡ್ಡದು ಅನ್ನಿಸಿತು.

ಮತ್ತೆ ಈ ಕಾಲುವೆಗೊಂದು ಕಾವಲು. ದಾರಿಯಲ್ಲಿ ಒಂದು ಸಣ್ಣ ನೀರಿನ ಚಕ್ರ ಇಟ್ಟು ಅದಕ್ಕೆ ಮರದ ಸುತ್ತಿಗೆ ಕಟ್ಟಿರುತ್ತಿದ್ದರು. ನೀರು ಹರಿಯುವಷ್ಟು ಹೊತ್ತು ಚಕ್ರ ತಿರುಗಿ ಸುತ್ತಿಗೆ ಟಕ್ ಟಕ್ ಅಂತ ಹಲಗೆಗೆ ಬಡಿಯುತ್ತಲೇ ಇರುತ್ತದೆ. ಕಾವಲುಗಾರ ರಾತ್ರಿ ಮಲಗಿದ್ದಲ್ಲೇ ಕೇಳಿಸಿಕೊಳ್ಳುತ್ತಾನೆ. ಸದ್ದು ನಿಂತಿತೋ, ಮೇಲೆಲ್ಲೋ ದೋಣಿ ಒಡೆದಿದೆ ಅಂತ ಅರ್ಥ. ಎದ್ದು ಓಡಬೇಕು. ಯಾರಿಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕವನ್ನು ಮರದ ಕೋಲಿನ ಮೇಲೆ ಗೀರು ಕೊರೆದು ಇಡುತ್ತಿದ್ದರು. ಮನೆಗೊಂದು ಗುರುತು. ಓದು ಬರಹ ಬಾರದವರಿಗೂ ತಕರಾರಿಲ್ಲದ ಲೆಕ್ಕ. ಪ್ರತಿ ವರ್ಷ ನೀರು ಬಿಡುವ ಮೊದಲು ಹಕ್ಕುದಾರರು ಸೇರಿ ಕಾಲುವೆ ರಿಪೇರಿ ಮಾಡುತ್ತಾರೆ, ನಮ್ಮ ಮುಯ್ಯಾಳಿನ ಹಾಗೆ. ಈಗ ಎಷ್ಟೋ ಕಡೆ ದೋಣಿಯ ಬದಲು ಸುರಂಗ, ಪೈಪು, ತುಂತುರು ನೀರಾವರಿ ಬಂದಿದೆ. ಆದರೂ ಹಳೆಯ ಕಾಲುವೆಗಳು ಕೆಲವು ಇನ್ನೂ ಹರಿಯುತ್ತಿವೆ, ನಾವು ಅದರ ಪಕ್ಕದ ಕಾಲುದಾರಿಯಲ್ಲಿ ಮೈಲುಗಟ್ಟಲೆ ನಡೆದೆವು. ಯುರೋಪಿನ ಇಂಥ ಸಾಂಪ್ರದಾಯಿಕ ನೀರಾವರಿಯ ತಿಳಿವಳಿಕೆಯನ್ನು 2023ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ಹುಲ್ಲಿನ ವಿಷಯ. ನಾನು ನಿಜವಾಗಿ ಬರೆಯಲು ಕೂತಿದ್ದೇ ಇದಕ್ಕೆ.

ಫಿಸ್ಪ್‌ನಿಂದ ಮೇಲೆ ಹೋದರೆ ಟೋರ್ಬೆಲ್ ಅಂತ ಒಂದು ಹಳ್ಳಿ. ಸುಮಾರು 1,500 ಮೀಟರ್ ಎತ್ತರ, ಬಿಸಿಲಿಗೆ ಕಪ್ಪಾದ ಮರದ ಮನೆಗಳು, ಮೇಲೆ ಗೋಮಾಳ. ಅವರು ಅದಕ್ಕೆ ‘ಆಲ್ಪ್’ ಅಂತಲೇ ಅನ್ನುತ್ತಾರೆ. ನಾವು ಆಲ್ಪ್ ಅಂದರೆ ಶಿಖರ ಅಂದುಕೊಂಡಿದ್ದೇವೆ, ಊರವರಿಗೆ ಆಲ್ಪ್ ಅಂದರೆ ಬೇಸಿಗೆಯಲ್ಲಿ ದನ ಮೇಯಿಸುವ ಮೇಲಿನ ಬಯಲು. ಈ ಬಯಲು ಯಾರೊಬ್ಬರದ್ದೂ ಅಲ್ಲ, ಊರಿನದ್ದು. ಇದರ ಬಗ್ಗೆ ಊರವರೇ ಸೇರಿ 1483ರಲ್ಲಿ ಕರಾರು ಬರೆದುಕೊಂಡಿದ್ದಾರೆ. 1517ರಲ್ಲಿ ಇನ್ನೊಂದು ನಿಯಮ ಮಾಡಿದರು: ಚಳಿಗಾಲದಲ್ಲಿ ನಿನ್ನ ಕೊಟ್ಟಿಗೆಯಲ್ಲಿ ನಿನ್ನದೇ ಹುಲ್ಲು ಹಾಕಿ ಎಷ್ಟು ಹಸು ಸಾಕಬಲ್ಲೆಯೋ, ಬೇಸಿಗೆಯಲ್ಲಿ ಅಷ್ಟೇ ಹಸು ಮೇಲೆ ಕಳುಹಿಸು. ಜಾಸ್ತಿ ಕಳುಹಿಸಿದರೆ ದಂಡ. ಅಷ್ಟೇ. ಹೊರಗಿನಿಂದ ಹಸು ಕೊಂಡು ತಂದು ಬೇಸಿಗೆಯಲ್ಲಿ ಪುಕ್ಕಟೆ ಮೇಯಿಸಿ ಮಾರುವ ದಾರಿಯೇ ಬಂದ್.

ಇದನ್ನು ಕೇಳಿದ ದಿನ ನನಗೆ ನಮ್ಮ ಗೋಮಾಳದ ನೆನಪಾಯಿತು. ನಮ್ಮಲ್ಲಿ ಕಂದಾಯದ ನಿಯಮ ಇದೆ, ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು ಎಂದು. ನಮ್ಮ ನಿಯಮ ದನ ಎಣಿಸಿ ಜಾಗ ಎಷ್ಟು ಅಂತ ಹೇಳುತ್ತದೆ. ಟೋರ್ಬೆಲ್‌ನವರ ನಿಯಮ ಹುಲ್ಲು ನೋಡಿ ದನ ಎಷ್ಟು ಅಂತ ಹೇಳುತ್ತದೆ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ! ನಮ್ಮಲ್ಲಿ ದನ ಕಡಿಮೆಯಾದ ಕೂಡಲೇ ಗೋಮಾಳ ‘ಹೆಚ್ಚುವರಿ’ ಆಗುತ್ತದೆ, ಹೆಚ್ಚುವರಿ ಆದದ್ದು ಬೇರೆ ಏನಕ್ಕೋ ಹೋಗುತ್ತದೆ. ಅಲ್ಲಿ ಹುಲ್ಲು ಊರಿನ ಆಸ್ತಿಯಾಗಿ ಉಳಿದಿದೆ. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಾಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಊರವರೇ ಸೇರಿ ಸಾಮೂಹಿಕ ಸಂಪತ್ತನ್ನು ಕಾಪಾಡಬಲ್ಲರು ಎಂದು ತೋರಿಸಿದ್ದಕ್ಕೆ, ಅವರು ಕೊಟ್ಟ ಉದಾಹರಣೆಗಳಲ್ಲಿ ಈ ಟೋರ್ಬೆಲ್ ಕೂಡ ಒಂದು. ಅದಕ್ಕೂ ಮೊದಲು ರಾಬರ್ಟ್ ನೆಟ್ಟಿಂಗ್ ಎಂಬ ಮಾನವಶಾಸ್ತ್ರಜ್ಞರು ಊರಲ್ಲೇ ಇದ್ದು ಹಳೆಯ ಕಾಗದಗಳನ್ನೆಲ್ಲ ಓದಿದ್ದರು. ಕಾಡಿನ ಕಟ್ಟಿಗೆಗೂ ಅಲ್ಲಿ ಇಂಥದೇ ಕ್ರಮ. ಯಾವ ಮರ ಕಡಿಯಬಹುದು ಎಂದು ಗುರುತು ಹಾಕಿ, ಎಲ್ಲರೂ ಸೇರಿ ಕಡಿದು, ಸಮನಾದ ರಾಶಿ ಮಾಡಿ, ಚೀಟಿ ಎತ್ತಿ ಹಂಚಿಕೊಳ್ಳುತ್ತಿದ್ದರು. ಗಿಣ್ಣು ಕೂಡ ಹಾಗೇ, ಯಾರ ಹಸು ಎಷ್ಟು ಹಾಲು ಕೊಟ್ಟಿತೋ ಅದರ ಲೆಕ್ಕದಲ್ಲಿ ಪಾಲು. ಇಲ್ಲಿ ಗಿಣ್ಣು ಅಂದರೆ ನಮ್ಮ ಎಳೆಗರುವಿನ ಗಿಣ್ಣಲ್ಲ, ಚೀಸ್.

ಶಿರಸಿ ಕಡೆಯವರಿಗೆ ಸೊಪ್ಪಿನ ಬೆಟ್ಟ ಅಂದರೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ತೋಟಕ್ಕೆ ಸೊಪ್ಪು ಕೊಯ್ಯಲು ಬಿಟ್ಟ ಕಾಡು. ಇಷ್ಟು ತೋಟಕ್ಕೆ ಇಷ್ಟು ಬೆಟ್ಟ, ಅದರ ಸೊಪ್ಪು, ದರಕು (ಒಣಗಿದ ಎಲೆ), ಕರಡ (ಒಣ ಹುಲ್ಲು) ತೋಟಕ್ಕೆ ಮತ್ತು ಕೊಟ್ಟಿಗೆಗೆ. ನಾವು ಅದನ್ನು ಹೇಗೆ ಇಟ್ಟುಕೊಂಡಿದ್ದೇವೆ ಎಂದು ನಮಗೇ ಗೊತ್ತು. ಕೆಲವರು ಚೆನ್ನಾಗಿ ಇಟ್ಟಿದ್ದಾರೆ, ಬಹಳ ಜನ ಬೋಳು ಮಾಡಿದ್ದಾರೆ. ಪಕ್ಕದವನ ಬೆಟ್ಟದ ಸೊಪ್ಪು ಕದಿಯಬಾರದು ಎಂಬುದು ಬಿಟ್ಟರೆ, ಎಷ್ಟು ಕೊಯ್ಯಬೇಕು ಎಂದು ಊರು ಕೂತು ಮಾತಾಡಿದ್ದು ನನ್ನ ಕಾಲದಲ್ಲಿ ನಾನು ನೋಡಿಲ್ಲ.

ಹಾಗಾಗಿ ಸಂಪಾದಕರೇ, ಆ ಫೋಟೋದ ಹಸಿರು ಸುಮ್ನೆ ಬಂದದ್ದಲ್ಲ. ನಿಲ್ಲಲೂ ಕಷ್ಟವಾಗುವ ಇಳಿಜಾರಿನಲ್ಲಿ ಪ್ರತಿ ಬೇಸಿಗೆ ಯಾರೋ ಹುಲ್ಲು ಕೊಯ್ದಿದ್ದಾರೆ. ಕೊಯ್ಯುವುದು ನಿಂತರೆ ಕೆಲವೇ ವರ್ಷಕ್ಕೆ ಪೊದೆ, ಆಮೇಲೆ ಕಾಡು. ಅಷ್ಟೇ ಅಲ್ಲ, ಕೊಯ್ಯದ ಉದ್ದನೆಯ ಹುಲ್ಲು ಚಳಿಗಾಲದಲ್ಲಿ ಮಲಗುತ್ತದೆ, ಅದರ ಮೇಲೆ ಬಿದ್ದ ಹಿಮ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ಕೆಳಗಿನ ಊರಿಗೆ ಅಪಾಯ. ಅದಕ್ಕೇ ಅಲ್ಲಿನ ಸರ್ಕಾರ ಇಳಿಜಾರಿನ ರೈತನಿಗೆ ದುಡ್ಡು ಕೊಡುತ್ತದೆ, ಇಳಿಜಾರು ಜಾಸ್ತಿಯಾದಷ್ಟೂ ನೆರವು ಜಾಸ್ತಿ. 1996ರಲ್ಲಿ ಜನರೇ ಮತ ಹಾಕಿ, ಕೃಷಿ ಅಂದರೆ ಬರೀ ಬೆಳೆಯಲ್ಲ, ಊರು ಮತ್ತು ಭೂದೃಶ್ಯ ಉಳಿಸುವ ಕೆಲಸವೂ ಹೌದು ಎಂದು ಸಂವಿಧಾನದಲ್ಲೇ ಬರೆಸಿಕೊಂಡಿದ್ದಾರೆ.

ಊಟ, ಮನೆ ಬಗ್ಗೆ ಎರಡು ಮಾತು. ಅವರ ಕಣಜಗಳು ಗಿಡ್ಡ ಕಾಲುಗಳ ಮೇಲೆ ನಿಂತಿರುತ್ತವೆ, ಕಾಲಿಗೂ ಕಣಜಕ್ಕೂ ಮಧ್ಯೆ ಬೀಸುಕಲ್ಲಿನಂಥ ದುಂಡು ಚಪ್ಪಡಿ. ಇಲಿ ಕಾಲು ಹತ್ತಬಹುದು, ಚಪ್ಪಡಿ ದಾಟಲಾರದು. ಇಡುತ್ತಿದ್ದದ್ದು ರೈ ಧಾನ್ಯ. ಹಿಂದೆ ರೊಟ್ಟಿ ಸುಡುತ್ತಿದ್ದದ್ದು ಊರಿಗೆಲ್ಲ ಸೇರಿ ಒಂದೇ ಒಲೆಯಲ್ಲಿ, ವರ್ಷಕ್ಕೆ ಎರಡೋ ಮೂರೋ ಸಲ. ಮಿಕ್ಕ ತಿಂಗಳೆಲ್ಲ ಅದೇ ಒಣ ರೊಟ್ಟಿ. ಹೆರಾನ್ಸ್ ಕಣಿವೆಯಲ್ಲಿ ಕಪ್ಪು ಬಣ್ಣದ, ಗಿಡ್ಡ, ಗಟ್ಟಿ ಹಸುಗಳಿವೆ. ನೋಡಿದ ಕೂಡಲೇ ನನ್ನ ಹೆಂಡತಿ ‘ನಮ್ಮ ಮಲೆನಾಡು ಗಿಡ್ಡದ ನೆಂಟರು’ ಅಂದಳು. ವಸಂತದಲ್ಲಿ ಕೊಟ್ಟಿಗೆಯಿಂದ ಬಿಟ್ಟಾಗ ಅವು ತಮ್ಮೊಳಗೇ ಕೊಂಬು ಕೂಡಿಸಿ ದೂಡಿ, ಯಾರು ಮಂದೆಯ ಯಜಮಾನಿ ಎಂದು ತೀರ್ಮಾನ ಮಾಡಿಕೊಳ್ಳುತ್ತವೆ. ಗೆದ್ದವಳಿಗೆ ರಾಣಿ ಅನ್ನುತ್ತಾರೆ. ಆ ತಳಿ ಉಳಿಯಲು ಈ ರಾಣಿ ಪಟ್ಟದ ಹೆಮ್ಮೆಯೇ ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ, ಏಕೆಂದರೆ ಹಾಲಿನ ಲೆಕ್ಕ ಮಾತ್ರ ನೋಡಿದರೆ ಬೇರೆ ತಳಿ ಜಾಸ್ತಿ ಕೊಡುತ್ತವೆ.

ಎಲ್ಲವೂ ಬಂಗಾರ ಅಂತ ನಾನು ಹೇಳುತ್ತಿಲ್ಲ. ಈ ಊರುಗಳು ಬಹಳ ಬಡವಾಗಿದ್ದವು. 19ನೇ ಶತಮಾನದಲ್ಲಿ ಇಲ್ಲಿಂದ ಜನ ಹೊಟ್ಟೆಪಾಡಿಗೆ ಅರ್ಜೆಂಟೀನಾವರೆಗೆ ಗುಳೆ ಹೋದರು. ಉಪ್ಪಿನಲ್ಲಿ ಅಯೋಡಿನ್ ಸೇರಿಸುವ ಮೊದಲು ಮನೆಮನೆಯಲ್ಲೂ ಗಳಗಂಡ. ಆ 1483ರ ಕರಾರಿನ ಮುಖ್ಯ ಉದ್ದೇಶಗಳಲ್ಲಿ ಹೊರಗಿನವರನ್ನು ಹೊರಗಿಡುವುದೂ ಒಂದು, ಜಮೀನು ಕೊಂಡ ಮಾತ್ರಕ್ಕೆ ಗೋಮಾಳದ ಹಕ್ಕು ಬರುತ್ತಿರಲಿಲ್ಲ. ಹೆಂಗಸರಿಗೆ ಆ ದೇಶದಲ್ಲಿ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ! ನಮ್ಮಲ್ಲಿ ಮೊದಲ ಮಹಾಚುನಾವಣೆಯಿಂದಲೇ ಇತ್ತಲ್ವಾ. ಆದರೆ ಆ ಬಾಗಿಲನ್ನು ಮೊದಲು ತಟ್ಟಿದ್ದೂ ಇದೇ ವಾಲಿಸ್‌ನ ಒಂದು ಬೆಟ್ಟದ ಹಳ್ಳಿ, ಉಂಟರ್‌ಬೆಖ್. 1957ರ ಮಾರ್ಚ್‌ನಲ್ಲಿ ಅಲ್ಲಿನ ಪಂಚಾಯಿತಿ ಮೇಲಿನವರ ಮಾತು ಮೀರಿ ಹೆಂಗಸರಿಗೂ ಮತ ಹಾಕಲು ಬಿಟ್ಟಿತು. 33 ಜನ ಬಂದು ಹಾಕಿದರು. ಅವರ ಚೀಟಿಗೆ ಬೇರೆ ಪೆಟ್ಟಿಗೆ, ಮತ ಎಣಿಕೆಗೂ ಸೇರಲಿಲ್ಲ. ಆದರೂ ಬಂದು ಹಾಕಿದರು. ಇಂಥ ಊರಿನ ಬಗ್ಗೆ ಪ್ರವಾಸ ಬರಹದಲ್ಲಿ ಒಂದು ಸಾಲು ಬಂದರೆ ಎಷ್ಟು ಚೆನ್ನ.

ಇನ್ನೊಂದು ಕಣಿವೆ ಲೋಚೆನ್‌ಟಾಲ್. 1913ರಲ್ಲಿ ಅದರ ಬಾಯಿಯ ಹತ್ತಿರ ರೈಲು ಸುರಂಗ ತೆರೆಯುವವರೆಗೆ ಅದು ಹೊರಗಿನವರಿಗೆ ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಆ ಸುರಂಗ ಕೊರೆಯುವಾಗ 1908ರಲ್ಲಿ ಮೇಲಿನ ಇನ್ನೊಂದು ಕಣಿವೆಯ ನೀರು, ಕೆಸರು ಒಳನುಗ್ಗಿ 25 ಕೆಲಸಗಾರರು ಒಮ್ಮೆಲೇ ಸತ್ತರು. ಲೋಚೆನ್‌ಟಾಲ್‌ನಲ್ಲಿ ಹರಿಯುವ ನದಿ ಲೋನ್ಸಾ. ಔಷಧಿ ಕಂಪನಿ ಲೋನ್ಸಾ ಹುಟ್ಟಿದ್ದು 1897ರಲ್ಲಿ ಇದೇ ನದಿಯ ದಡದ ಗಂಪೆಲ್‌ನಲ್ಲಿ, ಹೆಸರೂ ನದಿಯದೇ. ಫೆಬ್ರವರಿಯಲ್ಲಿ ಈ ಕಣಿವೆಯಲ್ಲಿ ಚೆಗ್ಗೆಟ್ಟೆ ಎಂಬ ವೇಷ ಓಡಾಡುತ್ತದೆ. ಮರದಲ್ಲಿ ಕೆತ್ತಿದ ಭಯಂಕರ ಮುಖವಾಡ, ಮೈಗೆ ಆಡು ಕುರಿಯ ಚರ್ಮ, ಸೊಂಟಕ್ಕೆ ಗಂಟೆ. ನಾವು ಹೋದದ್ದು ಬೇಸಿಗೆಯಲ್ಲಿ, ಹಾಗಾಗಿ ಮನೆಗಳ ಗೋಡೆಯ ಮೇಲೆ ತೂಗಿದ ಮುಖವಾಡ ಮಾತ್ರ ನೋಡಿದೆವು. ಅಂಕೋಲಾ ಕಡೆಯ ಸುಗ್ಗಿ ಹಗರಣದ ವೇಷಗಳನ್ನು ನೋಡಿದವರಿಗೆ ಅದೇನೂ ದೂರದ್ದು ಅನ್ನಿಸುವುದಿಲ್ಲ. ಕಣಿವೆಯ ಮೇಲಿನ ಊರು ಬ್ಲಾಟನ್. ಅಲ್ಲಿನ ಮರದ ತೊಟ್ಟಿಯಲ್ಲಿ ಬೀಳುತ್ತಿದ್ದ ನೀರು ಕುಡಿದು, ಕಿಟಕಿಗಳಲ್ಲಿ ಇಟ್ಟಿದ್ದ ಕೆಂಪು ಹೂ ನೋಡುತ್ತಾ ಒಂದು ತಾಸು ಕೂತಿದ್ದೆವು.

ಬ್ಲಾಟನ್‌ನಿಂದ ಮಗಳ ಮನೆಗೆ ವಾಪಸ್ ಬಂದ ವಾರದಲ್ಲೇ, ಜುಲೈ 16ಕ್ಕೆ, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ, ಚಹಾ ಅಂಗಡಿ, ಲಾರಿ ಎಲ್ಲವನ್ನೂ ಗಂಗಾವಳಿಗೆ ದೂಡಿದ ಸುದ್ದಿ ಫೋನಿನಲ್ಲಿ ಬಂತು. ಆ ಹೆದ್ದಾರಿಯಲ್ಲಿ ನಾವು ಎಷ್ಟು ಸಲ ಹೋಗಿಲ್ಲ. ರಾತ್ರಿಯಿಡೀ ನಿದ್ದೆ ಬರಲಿಲ್ಲ.

ವರ್ಷವೂ ಪೂರ್ತಿ ಆಗಿರಲಿಲ್ಲ. 2025ರ ಮೇ 28ಕ್ಕೆ ಮಗಳು ಅಲ್ಲಿಂದ ಫೋನ್ ಮಾಡಿದಳು, ‘ಅಪ್ಪಾ, ಬ್ಲಾಟನ್ ಹೋಯ್ತು’ ಅಂದಳು. ಮೇಲಿನ ಶಿಖರದಿಂದ ಬಂಡೆ ಕುಸಿದು ಬಿರ್ಚ್ ಎಂಬ ಹಿಮನದಿಯ ಮೇಲೆ ರಾಶಿ ಬಿದ್ದಿತ್ತು. ಆ ಭಾರಕ್ಕೆ ಹಿಮನದಿಯೇ ಒಡೆದು, ಕಲ್ಲು ಹಿಮ ಸೇರಿ ಸುಮಾರು 90 ಲಕ್ಷ ಘನ ಮೀಟರ್ ರಾಶಿ ಕಣಿವೆಗೆ ಇಳಿಯಿತು. ಊರಿನ ಬಹುಪಾಲು ಅದರಡಿ ಹೋಯಿತು. ಉಳಿದ ಮನೆಗಳನ್ನು, ದಾರಿ ಕಟ್ಟಿಹೋದ ಲೋನ್ಸಾ ನದಿ ಮುಳುಗಿಸಿತು. ನಾವು ನೀರು ಕುಡಿದ ತೊಟ್ಟಿ ಈಗ ಇಲ್ಲ. ಊರ ಹೊರಗೆ ಇದ್ದ ಒಬ್ಬರು ತೀರಿಕೊಂಡರು. ಆದರೆ ಊರಿನ ಸುಮಾರು 300 ಜನ ಬದುಕಿದರು. ಕಾರಣ, ಗುಡ್ಡ ಅಲುಗಾಡುವುದನ್ನು ಅಳೆಯುತ್ತಿದ್ದವರು ಎಚ್ಚರಿಸಿದ್ದರು, ಒಂಬತ್ತು ದಿನ ಮೊದಲೇ ಜನರನ್ನೂ ದನಗಳನ್ನೂ ಹೊರಗೆ ಕಳುಹಿಸಿ ಆಗಿತ್ತು. ಎಲ್ಲ ಗುಡ್ಡವೂ ಹೀಗೆ ಮುನ್ಸೂಚನೆ ಕೊಡುವುದಿಲ್ಲ, ನಮ್ಮ ಮಳೆಗಾಲದ ಮಣ್ಣಿನ ಕುಸಿತವೇ ಬೇರೆ, ಅಲ್ಲಿನ ಬಂಡೆ ಹಿಮದ ಕುಸಿತವೇ ಬೇರೆ, ಅದು ನನಗೂ ಗೊತ್ತು. ಆದರೂ 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟದ ಜೊತೆ ಗುಡ್ಡ ಇಳಿದದ್ದನ್ನು ಕಣ್ಣಾರೆ ನೋಡಿದವನು ನಾನು. ಗುಡ್ಡದ ಮೇಲೆ ಕಣ್ಣಿಟ್ಟು ಕೂರುವ ಒಬ್ಬ ಮನುಷ್ಯ, ಒಂದು ಯಂತ್ರ ನಮಗೂ ಬೇಡವೇ?

ಆಲೆಚ್ ಹಿಮನದಿಯ ಬುಡದ ಫೀಶ್ ಊರಿನ ಕಥೆಯನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹಿಂದೆ ಹಿಮನದಿ ಬೆಳೆಯುತ್ತಾ ಬರುತ್ತಿತ್ತು, ಅದು ಕಟ್ಟಿದ ಕೆರೆ ಒಡೆದು ಊರಿಗೆ ಪ್ರವಾಹ ಬರುತ್ತಿತ್ತು. 1678ರಲ್ಲಿ ಊರವರು ಹರಕೆ ಹೊತ್ತರು, ಹಿಮ ಬೆಳೆಯದಿರಲಿ ದೇವರೇ ಎಂದು. ಮೂರು ನೂರು ವರ್ಷಕ್ಕೂ ಜಾಸ್ತಿ ಹೀಗೇ ಪ್ರಾರ್ಥನೆ ನಡೆಯಿತು. ಈಗ ಹಿಮ ಕರಗಿ ಹಿಂದೆ ಸರಿಯುತ್ತಿದೆ. ಹರಕೆಯೇ ತಿರುಗುಮುರುಗು ಆಯಿತಲ್ಲ ಎಂದು ಊರವರು ಪೋಪ್ ಬಳಿ ಅನುಮತಿ ಕೇಳಿದರು, ರೋಮ್ ಒಪ್ಪಿತು, ಈಗ ಅವರು ಹಿಮ ಉಳಿಯಲಿ ಎಂದು ಬೇಡುತ್ತಾರೆ. ಮಳೆ ಬಾರದಾಗ ಪರ್ಜನ್ಯ ಜಪಕ್ಕೆ ಕೂತ ಊರಿನವರು ನಾವು, ಅವರ ಭಯ ನಮಗೆ ತಿಳಿಯುತ್ತದೆ. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಸ್ ಹಿಮನದಿಗಳು ಇದ್ದ ಹಿಮದಲ್ಲಿ ಹತ್ತರಲ್ಲಿ ಒಂದು ಪಾಲು ಕಳೆದುಕೊಂಡಿವೆ. ಆ ಕಾಲುವೆಗಳ ಚೆಲುವೇ ಏನೆಂದರೆ ಬಿಸಿಲು ಜಾಸ್ತಿಯಾಗಿ ಹುಲ್ಲು ಒಣಗುವ ಹೊತ್ತಿಗೇ ಹಿಮವೂ ಜಾಸ್ತಿ ಕರಗಿ ನೀರು ಬರುತ್ತದೆ. ಮೇಲೆ ಹಿಮವೇ ಇಲ್ಲದ ದಿನ ಬಂದರೆ?

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಸ್ವಿಟ್ಜರ್ಲೆಂಡ್ ಬಗ್ಗೆ ಬರೆಸುವಾಗ ಊರಿಗೆ ಇಳಿದು ನಾಲ್ಕು ಜನರನ್ನು ಮಾತಾಡಿಸಿದವರ ಹತ್ತಿರ ಬರೆಸಿ. ಅದರ ಜೊತೆಗೇ ನಮ್ಮ ಸೊಪ್ಪಿನ ಬೆಟ್ಟ, ಗೋಮಾಳ, ಅಬ್ಬಿ ನೀರಿನ ಸರದಿ, ಇವುಗಳ ಹಳೆಯ ಕರಾರು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಕಳುಹಿಸಿ ಎಂದು ಓದುಗರನ್ನು ಕೇಳಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಕಾಗದ ಇದೆ, ಮೇಲಿನ ಮನೆಗೆ ಮತ್ತು ನಮಗೆ ಎಷ್ಟೆಷ್ಟು ಹೊತ್ತು ನೀರು ಎಂದು ಬರೆದದ್ದು. ಅದರ ಪ್ರತಿಯನ್ನೂ, ಕಾಲುವೆಯ ಐದಾರು ಫೋಟೋಗಳನ್ನೂ ಈ ಪತ್ರದ ಜೊತೆ ಇಟ್ಟಿದ್ದೇನೆ.

ಇತಿ ನಿಮ್ಮ ಓದುಗ,
ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು